ಪ್ರಾಜೆಕ್ಟ್ ಎಂದರೆ ಪ್ರಿಂಟ್‌ಔಟ್ ಆಗದಂತೆ ಮಾಡುವುದು ಹೇಗೆ?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಎಂಟು ಮತ್ತು ಒಂಬತ್ತನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಪ್ರಾಜೆಕ್ಟ್ ಕೊಟ್ಟರೆ ಮಕ್ಕಳು ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿ, ಬಣ್ಣದ ಹಾಳೆಗೆ ಅಂಟಿಸಿ ತರುತ್ತಾರೆ. ಈಚೆಗೆ ಮೊಬೈಲಿನ ಎಐ ಬರೆದುಕೊಟ್ಟದ್ದನ್ನು ದುಂಡಗಿನ ಅಕ್ಷರದಲ್ಲಿ ನಕಲು ಮಾಡಿ ತರುವವರೂ ಇದ್ದಾರೆ. ಹತ್ತು ಜನರ ಪುಸ್ತಕದಲ್ಲಿ ಒಂದೇ ವಾಕ್ಯ. ಹುಡುಕುವುದು, ಹುಡುಕಿದ್ದು ನಿಜವೇ ಎಂದು ನೋಡುವುದು, ಸ್ವಂತವಾಗಿ ಬರೆಯುವುದು – ಇದನ್ನೆಲ್ಲ ಕಲಿಸಲು ಪ್ರತ್ಯೇಕ ಪೀರಿಯಡ್ ಇಲ್ಲ. ತರಗತಿಯಲ್ಲಿ 48 ಮಕ್ಕಳು, ಲ್ಯಾಬಿನಲ್ಲಿ ಕೆಲಸ ಮಾಡುವ ಕಂಪ್ಯೂಟರ್ ನಾಲ್ಕೇ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಕಲು ನಿಲ್ಲಿಸುವುದು ಹೇಗೆ ಎಂಬಲ್ಲಿಂದ ಶುರು ಮಾಡಬೇಡಿ. ನೀವು ಕೊಡುತ್ತಿರುವ ವಿಷಯಗಳ ಪಟ್ಟಿಯನ್ನು ಮೊದಲು ಮುಂದಿಟ್ಟುಕೊಳ್ಳಿ. ‘ಹೊಯ್ಸಳರು’, ‘ಜಲಮಾಲಿನ್ಯ’, ‘ಸ್ವಾತಂತ್ರ್ಯ ಹೋರಾಟದಲ್ಲಿ ಕರ್ನಾಟಕ’ – ಇವು ಪ್ರಶ್ನೆಗಳಲ್ಲ, ಪಾಠದ ತಲೆಬರಹಗಳು. ಇವಕ್ಕೆ ಉತ್ತರ ಎಲ್ಲೋ ಸಿದ್ಧವಾಗಿ ಕೂತಿರುತ್ತದೆ. ಸಿದ್ಧವಾಗಿರುವುದನ್ನು ತಂದುಕೊಡುವ ಹುಡುಗ ದಡ್ಡನಲ್ಲ, ಕಳ್ಳನೂ ಅಲ್ಲ, ಕೇಳಿದ್ದನ್ನು ತಂದಿದ್ದಾನೆ. ಜೊತೆಗೆ, ಅಂಕ ಬೀಳುವುದು ಬೈಂಡಿಂಗಿಗೆ, ಸ್ಕೆಚ್ ಪೆನ್ನಿಗೆ, ಪುಟಗಳ ದಪ್ಪಕ್ಕೆ ಎಂಬುದು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಬದಲಾಗಬೇಕಾದ್ದು ಎರಡು: ನೀವು ಕೇಳುವ ಪ್ರಶ್ನೆ, ನೀವು ಅಂಕ ಕೊಡುವ ಜಾಗ. ಹುಡುಕಾಟದ ಕೌಶಲಗಳನ್ನು ಇವೆರಡರ ನಡುವೆ, ವಾರಕ್ಕೊಂದರಂತೆ, ಪಾಠದ ಒಳಗೇ ಸೇರಿಸಬಹುದು. ಹೆಚ್ಚಿನ ವಾರ ಪೀರಿಯಡ್ಡಿನ ಕೊನೆಯ 15 ನಿಮಿಷ ಸಾಕು. ಆರು ವಾರ ಹಿಡಿಯುತ್ತದೆ.

ಪ್ರಶ್ನೆ ಕಟ್ಟುವುದು

ಒಳ್ಳೆಯ ಪ್ರಶ್ನೆಗೆ ಮೂರು ಪರೀಕ್ಷೆ ಮಾಡಿ. ಒಂದೇ ಸಲ ಗೂಗಲ್ ಮಾಡಿದರೆ ಪೂರ್ತಿ ಉತ್ತರ ಸಿಗುತ್ತದೆಯೇ? ಸಿಕ್ಕರೆ ಅದು ಪ್ರಾಜೆಕ್ಟ್ ಅಲ್ಲ. ಮಗು ನಡೆದು ಹೋಗಿಯೋ ಮನೆಯ ಫೋನಿನಲ್ಲಿಯೋ ಕನಿಷ್ಠ ಎರಡು ಬಗೆಯ ಆಕರಗಳನ್ನು ಮುಟ್ಟಬಹುದೇ? ಆಗದಿದ್ದರೆ ಪ್ರಶ್ನೆ ಮಗುವಿಗೆ ಮೀರಿದ್ದು. ಉತ್ತರ ಎರಡು ಪುಟದಲ್ಲಿ ಮುಗಿಯುತ್ತದೆಯೇ? ಮುಗಿಯದಿದ್ದರೆ ಇನ್ನೂ ಕಿರಿದು ಮಾಡಿ.

ನಮ್ಮ ಕಡೆ ಎಲ್ಲ ಊರಿಗೂ ಹೊಂದುವ ಒಂದು ಉದಾಹರಣೆ ಕೆರೆ. ‘ಕೆರೆಗಳ ಮಹತ್ವ’ ಎಂದರೆ ಹತ್ತು ಪುಟದ ಪ್ರಿಂಟ್ ಬರುತ್ತದೆ. ಅದನ್ನೇ ಹೀಗೆ ಕೇಳಿ: ‘ಮೂವತ್ತು ವರ್ಷದ ಹಿಂದೆ ನಮ್ಮೂರ ಕೆರೆಯ ನೀರು ಯಾವ ಯಾವ ಕೆಲಸಕ್ಕೆ ಬಳಕೆಯಾಗುತ್ತಿತ್ತು? ಈಗ ಯಾವುದಕ್ಕೆ? ಬದಲಾಗಿದ್ದರೆ ಯಾಕೆ?’ ಈ ಪ್ರಶ್ನೆಗೆ ಯಾವ ಜಾಲತಾಣದಲ್ಲೂ ಉತ್ತರ ಬರೆದಿಟ್ಟಿಲ್ಲ. ಎಐಗೂ ನಿಮ್ಮೂರ ತೂಬು ಯಾವ ವರ್ಷ ಕಟ್ಟಿಹೋಯಿತು ಎಂದು ಗೊತ್ತಿಲ್ಲ.

ಮೊದಲ ವಾರ ಮಕ್ಕಳು ಏನನ್ನೂ ಹುಡುಕಬಾರದು. ಹಾಳೆಯನ್ನು ಮೂರು ಕಾಲಂ ಮಾಡಿಸಿ: ನನಗೆ ಗೊತ್ತಿರುವುದು, ಗೊತ್ತಾಗಬೇಕಾದ್ದು, ಯಾರಿಗೆ ಅಥವಾ ಯಾವುದರಲ್ಲಿ ಗೊತ್ತಿರಬಹುದು. ಮೂರನೆಯ ಕಾಲಂ ಎಲ್ಲಕ್ಕಿಂತ ಮುಖ್ಯ. ಮೊದಲ ಸಲ ಎಲ್ಲರೂ ಅಲ್ಲಿ ‘ಗೂಗಲ್’ ಎಂದು ಬರೆಯುತ್ತಾರೆ. ಅದನ್ನು ಹೊಡೆದುಹಾಕಿ, ‘ಗೂಗಲ್ ಬರೆಯುವುದಿಲ್ಲ, ಬೇರೆಯವರು ಬರೆದದ್ದನ್ನು ತೋರಿಸುತ್ತದೆ. ಬರೆದವರು ಯಾರಿರಬಹುದು?’ ಎಂದು ಕೇಳಿ. ಆಗ ನೀರುಗಂಟಿ, ಅಚ್ಚುಕಟ್ಟಿನಲ್ಲಿ ಗದ್ದೆ ಇದ್ದ ಮನೆಯವರು, ಬಟ್ಟೆ ಒಗೆಯಲು ಹೋಗುತ್ತಿದ್ದ ಅಜ್ಜಿ, ಮೀನು ಹರಾಜು ಹಿಡಿದವರು, ಗ್ರಾಮ ಪಂಚಾಯಿತಿ, ಗ್ರಾಮ ಆಡಳಿತಾಧಿಕಾರಿ ಎಂದು ಪಟ್ಟಿ ಬೆಳೆಯುತ್ತದೆ.

ಕಾಗದದ ಆಕರಗಳೂ ಕಡಿಮೆಯೇನಿಲ್ಲ. 2011ರ ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಹಳ್ಳಿವಾರು ಜನಸಂಖ್ಯೆ, ಭೂಮಿ, ಕುಡಿಯುವ ನೀರಿನ ಮಾಹಿತಿ ಇದೆ. ಕೆರೆಯ ಸರ್ವೆ ನಂಬರ್ ಮತ್ತು ಗಡಿಯನ್ನು ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪಿನಲ್ಲಿ ನೋಡಬಹುದು, ವಿಸ್ತೀರ್ಣಕ್ಕೆ ಪಹಣಿ. ಗೂಗಲ್ ಅರ್ಥ್‌ನಲ್ಲಿ ಹಳೆಯ ಉಪಗ್ರಹ ಚಿತ್ರಗಳನ್ನು ಹಿಂದಕ್ಕೆ ಸರಿಸಿ ನೋಡುವ ಸೌಲಭ್ಯವಿದೆ. ಹೂಳು, ಒತ್ತುವರಿ, ಜಾಲಿ ಬೆಳೆದದ್ದು ಕಣ್ಣಿಗೇ ಕಾಣುತ್ತದೆ. ಕೆರೆ ಹಳೆಯದಾಗಿದ್ದರೆ ಜಿಲ್ಲಾ ಗೆಜೆಟಿಯರ್ ನೋಡಬೇಕು. ಏರಿಯ ಮೇಲೆ ಶಾಸನದ ಕಲ್ಲಿದ್ದರೆ ಬಿ.ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳಲ್ಲಿ ತಾಲ್ಲೂಕುವಾರು ಹುಡುಕಬಹುದು. ಎಲ್ಲ ಮಕ್ಕಳೂ ಎಲ್ಲವನ್ನೂ ನೋಡಬೇಕಾಗಿಲ್ಲ. ನಾಲ್ಕು ಜನರ ಗುಂಪು ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಬಗೆಯ ಆಕರ ವಹಿಸಿ. ‘ಗುಂಪು ಚಟುವಟಿಕೆ’ ಎಂದು ಬಿಟ್ಟುಬಿಟ್ಟರೆ ಒಬ್ಬಳು ಬರೆಯುತ್ತಾಳೆ, ಮೂವರು ಹೆಸರು ಹಾಕುತ್ತಾರೆ.

ಜನರನ್ನು ಕೇಳುವುದು

ಸಂದರ್ಶನವನ್ನು ಸುಲಭವೆಂದು ಬಿಡಬೇಡಿ. ಇಲ್ಲಿಯೂ ತಪ್ಪುವ ಜಾಗಗಳಿವೆ. ಮೂವರು ಹಿರಿಯರನ್ನು ಒಟ್ಟಿಗೆ ಕೂರಿಸಿ ಕೇಳಿದರೆ, ಮೊದಲು ಮಾತಾಡಿದವರ ಉತ್ತರವೇ ಮೂವರದ್ದೂ ಆಗುತ್ತದೆ. ಬೇರೆ ಬೇರೆಯಾಗಿ ಕೇಳಿಸಿ. ‘ಮೊದಲು ಕೆರೆ ಚೆನ್ನಾಗಿತ್ತಲ್ಲವೇ ತಾತ?’ ಎಂದರೆ ‘ಹೌದಪ್ಪ’ ಎಂಬ ಉತ್ತರವಷ್ಟೇ ಬರುತ್ತದೆ. ‘ನೀವು ನನ್ನ ವಯಸ್ಸಿನಲ್ಲಿದ್ದಾಗ ಕೆರೆಗೆ ಯಾಕೆ ಹೋಗುತ್ತಿದ್ದಿರಿ?’ ಎಂದು ಕೇಳಿದರೆ ಸಂಗತಿ ಹೊರಬರುತ್ತದೆ.

ಇಸವಿ ಕೇಳಿದರೆ ಬಹುತೇಕರು ಅಂದಾಜಿನ ಮೇಲೆ ಹೇಳುತ್ತಾರೆ. ಅದಕ್ಕಾಗಿ ಮಕ್ಕಳ ಕೈಯಲ್ಲಿ ಗೊತ್ತಿರುವ ಘಟನೆಗಳ ಸಣ್ಣ ಪಟ್ಟಿ ಇರಲಿ: ಇಂದಿರಾ ಗಾಂಧಿ ತೀರಿಕೊಂಡದ್ದು 1984, ಡಾ. ರಾಜಕುಮಾರ್ ಅಪಹರಣ 2000, ಜೊತೆಗೆ ಊರಿಗೆ ಕರೆಂಟ್ ಬಂದ ವರ್ಷ, ಶಾಲೆಯ ಕಟ್ಟಡ ಎದ್ದ ವರ್ಷ. ‘ರಾಜಣ್ಣನನ್ನು ಹೊತ್ತುಕೊಂಡು ಹೋದಾಗ ಕೋಡಿ ಬೀಳುತ್ತಿತ್ತಾ?’ ಎಂದರೆ ಉತ್ತರ ನಿಖರವಾಗುತ್ತದೆ. ಹೇಳಿದವರ ವಯಸ್ಸು, ಕೆರೆಯೊಂದಿಗೆ ಅವರಿಗಿದ್ದ ಸಂಬಂಧ, ಕೇಳಿದ ದಿನಾಂಕ ಬರೆದುಕೊಳ್ಳಬೇಕು. ಒಪ್ಪಿದರೆ ಮಾತ್ರ ಹೆಸರು. ಒತ್ತುವರಿಯ ವಿಷಯ ಬಂದರೆ ಯಾರ ಹೆಸರೂ ಬೇಡ ಎಂದು ಮೊದಲೇ ಹೇಳಿಬಿಡಿ. ಊರಿನ ಜಗಳ ಶಾಲೆಯ ಬಾಗಿಲಿಗೆ ಬಂದರೆ ಮುಂದಿನ ವರ್ಷ ಯಾವ ಪೋಷಕರೂ ಮಗುವನ್ನು ಕಳಿಸುವುದಿಲ್ಲ.

ಎರಡು ಆಕರ ಎರಡು ಮಾತು ಹೇಳುವುದು ಇಲ್ಲಿ ಬೇಗನೆ ಎದುರಾಗುತ್ತದೆ. ಮಕ್ಕಳು ಗಾಬರಿಯಾಗಿ ಒಂದನ್ನು ಅಳಿಸಿಹಾಕುತ್ತಾರೆ, ಅಳಿಸಲು ಬಿಡಬೇಡಿ. ಪಹಣಿಯಲ್ಲಿ ಕೆರೆಯ ವಿಸ್ತೀರ್ಣ 38 ಎಕರೆ 20 ಗುಂಟೆ, ಬೇರೊಂದು ಕಡತದಲ್ಲಿ 15.58 ಹೆಕ್ಟೇರ್ ಎಂದಿದೆ ಎಂದಿಟ್ಟುಕೊಳ್ಳಿ. ಮಗು ಮೊದಲನೆಯದನ್ನು 38.20 ಎಕರೆ ಎಂದು ಬರೆದುಕೊಂಡಿರುತ್ತದೆ, ಲೆಕ್ಕ ಕೂಡುವುದಿಲ್ಲ. ಎಕರೆಗೆ 40 ಗುಂಟೆ, ಅಂದರೆ ಅದು 38.5 ಎಕರೆ, ಒಂದು ಹೆಕ್ಟೇರಿಗೆ ಸುಮಾರು 2.47 ಎಕರೆಯಂತೆ ಎರಡೂ ಒಂದೇ. ಇದು ಆಕರಗಳ ಜಗಳವಲ್ಲ, ಅಳತೆಯ ಗೊಂದಲ. ಇದನ್ನು ಬಿಡಿಸಿದ ಮೇಲೂ ವ್ಯತ್ಯಾಸ ಉಳಿದರೆ ಆಗ ‘ಯಾವ ವರ್ಷದ ಅಳತೆ? ಯಾರು ಅಳೆದದ್ದು? ನೀರು ನಿಲ್ಲುವ ಜಾಗವನ್ನೋ, ದಾಖಲೆಯ ಜಾಗವನ್ನೋ?’ ಎಂಬ ಪ್ರಶ್ನೆಗಳಿಗೆ ಅರ್ಥ ಬರುತ್ತದೆ.

ಕನ್ನಡದಲ್ಲಿ ಹುಡುಕುವುದೇ ಬೇರೆ

ಹುಡುಕುವ ವಿದ್ಯೆಯ ಬಗ್ಗೆ ಸಿಗುವ ಕೈಪಿಡಿಗಳೆಲ್ಲ ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಕನ್ನಡದಲ್ಲಿ ಟೈಪ್ ಮಾಡುವ ಮಗುವಿಗೆ ಬೇರೆಯೇ ತೊಡಕುಗಳಿವೆ, ಅವನ್ನು ಬಿಡಿಸಿ ಹೇಳಬೇಕು.

ಮೊದಲನೆಯದು ವಿಭಕ್ತಿ. ‘ಕೆರೆಗಳಲ್ಲಿನ ಹೂಳಿನ ಸಮಸ್ಯೆಯ ಬಗ್ಗೆ ತಿಳಿಸಿ’ ಎಂದು ಟೈಪ್ ಮಾಡಿದರೆ ಸರ್ಚ್ ಎಂಜಿನ್ ಆ ಪ್ರತ್ಯಯಗಳನ್ನೆಲ್ಲ ಸರಿಯಾಗಿ ಬಿಡಿಸಿಕೊಳ್ಳುತ್ತದೆ ಎಂದು ನಂಬುವಂತಿಲ್ಲ. ಮೂಲ ಪದಗಳನ್ನಷ್ಟೇ ಕೊಡಬೇಕು: ‘ಕೆರೆ ಹೂಳು ತಾಲ್ಲೂಕಿನ ಹೆಸರು’. ಸಿಗದಿದ್ದರೆ ರೂಪ ಬದಲಿಸಬೇಕು: ಕೆರೆ, ಕೆರೆಗಳು, ಕೆರೆಯ. ಕಾಗುಣಿತವೂ ಒಂದೇ ಇರುವುದಿಲ್ಲ: ಹಳೇಬೀಡು – ಹಳೆಬೀಡು, ತಾಲೂಕು – ತಾಲ್ಲೂಕು, ಪಂಚಾಯತಿ – ಪಂಚಾಯಿತಿ – ಪಂಚಾಯತ್. ಮಕ್ಕಳು ಹುಡುಕುವ ಮುನ್ನ ಪ್ರತಿ ಮುಖ್ಯ ಪದಕ್ಕೂ ಮೂರು ರೂಪ ಬರೆದುಕೊಳ್ಳುವುದು ಒಳ್ಳೆಯ ಅಭ್ಯಾಸ.

ಎರಡನೆಯದು ಊರ ಹೆಸರು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾದವು. ಅದಕ್ಕೂ ಹಿಂದಿನ ಇಂಗ್ಲಿಷ್ ಕಡತಗಳೆಲ್ಲ ಗುಲ್ಬರ್ಗ, ಬಿಜಾಪುರ, ಬಳ್ಳಾರಿಯ ಹಳೆಯ ಇಂಗ್ಲಿಷ್ ಕಾಗುಣಿತ, ಶಿಮೊಗ ಎಂದೇ ಇವೆ. ಹೊಸ ಹೆಸರಿನಲ್ಲಿ ಮಾತ್ರ ಹುಡುಕಿದ ಮಗುವಿಗೆ ಹಳೆಯ ದಾಖಲೆ ಸುಲಭವಾಗಿ ಸಿಗುವುದಿಲ್ಲ. ‘ವಿಜಯಪುರ’ ಎಂದರೆ ಇನ್ನೊಂದು ಪೀಕಲಾಟ: ಬೆಂಗಳೂರು ಗ್ರಾಮಾಂತರದ ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರವಿದೆ. ಅದಕ್ಕೇ ಊರಿನ ಜೊತೆ ತಾಲ್ಲೂಕು, ಜಿಲ್ಲೆ ಸೇರಿಸಿ ಹುಡುಕಬೇಕು.

ಮೂರನೆಯದು ಕಣ್ಣಿಗೆ ಕಾಣದ ತೊಡಕು. ಹಳೆಯ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾವಿರಗಟ್ಟಲೆ ಇವೆ, ಆದರೆ ಎಷ್ಟೋ ಪುಸ್ತಕಗಳು ಬರೀ ಪುಟದ ಫೋಟೊಗಳು. ಒಳಗಿನ ಪದ ಹುಡುಕಾಟಕ್ಕೆ ಸಿಗುವುದಿಲ್ಲ. ಪುಸ್ತಕದ ಹೆಸರು ಅಥವಾ ಲೇಖಕರ ಹೆಸರಿನಿಂದ ಹಿಡಿದು, ತೆರೆದು, ಪರಿವಿಡಿ ನೋಡಿ ಪುಟಕ್ಕೆ ಹೋಗಬೇಕು. ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬರುವ ಮುನ್ನ ಅಥವಾ ಅದನ್ನು ಬಳಸದೆ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಸರ್ಕಾರಿ ಪಿಡಿಎಫ್‌ಗಳದ್ದೂ ಇದೇ ಕಥೆ. ಪರದೆಯ ಮೇಲೆ ಕನ್ನಡ ಕಾಣುತ್ತದೆ. ನಕಲಿಸಿ ಬೇರೆಡೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬೀಳುತ್ತವೆ. ಸರ್ಚ್ ಎಂಜಿನ್ನಿಗೂ ಅದು ಹಾಗೆಯೇ ಕಾಣುತ್ತದೆ. ‘ನೆಟ್ಟಲ್ಲಿ ಇಲ್ಲ ಸರ್’ ಎಂದು ಮಗು ಹೇಳಿದಾಗ ‘ಇಲ್ಲ’ ಮತ್ತು ‘ಸಿಗುತ್ತಿಲ್ಲ’ ಎರಡನ್ನೂ ಬೇರೆ ಮಾಡಿ ತೋರಿಸಿ.

ಇಷ್ಟು ತಿಳಿದ ಮೇಲೆ ತಂತ್ರಗಳು ಎರಡೇ ಸಾಕು. ಪದಗುಚ್ಛವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಅದೇ ಸಾಲಿನಲ್ಲಿರುವ ಪುಟಗಳು ಬರುತ್ತವೆ. ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ‘ಜಿಒವಿ ಡಾಟ್ ಇನ್’ ಸೇರಿಸಿದರೆ ಸರ್ಕಾರಿ ತಾಣಗಳಿಗೆ ಹುಡುಕಾಟ ಸೀಮಿತವಾಗುತ್ತದೆ. ಮೊದಲ ಫಲಿತಾಂಶ ಒತ್ತುವ ಚಟ ಬಿಡಿಸಲು ಒಂದು ನಿಯಮ: ಮೊದಲ ಪುಟವನ್ನು ಕೆಳಗಿನವರೆಗೆ ಓದಿ, ಯಾವುದನ್ನು ತೆರೆಯುತ್ತೇನೆ, ಯಾಕೆ ಎಂದು ಒಂದು ಸಾಲು ಬರೆದ ಮೇಲೆಯೇ ಒತ್ತಬೇಕು. ಇದಕ್ಕೆ ನಿಮ್ಮ ಲ್ಯಾಬೂ ಬೇಡ. ಹುಡುಕಾಟದ ಫಲಿತಾಂಶದ ಪುಟವನ್ನೇ ಪ್ರಿಂಟ್ ತೆಗೆದು ಗುಂಪಿಗೊಂದು ಕೊಡಿ, ಬೆರಳಿಟ್ಟು ಆರಿಸಲಿ. ಜಾಹೀರಾತು ಯಾವುದು, ಪತ್ರಿಕೆ ಯಾವುದು, ಟ್ಯೂಷನ್ ಕಂಪನಿಯ ಪುಟ ಯಾವುದು ಎಂದು ಗುರುತಿಸುವುದೇ ಅರ್ಧ ಪಾಠ.

ಕಂಪ್ಯೂಟರ್ ಬೇಕೇಬೇಕು ಎನ್ನುವ ಕೆಲಸಕ್ಕೆ ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ವಿಚಾರಿಸಿ. ಈಗ ‘ಅರಿವು ಕೇಂದ್ರ’ ಎನ್ನಿಸಿಕೊಂಡಿರುವ ಇವುಗಳಲ್ಲಿ ಹಲವು ಕಡೆ ಕಂಪ್ಯೂಟರ್, ನೆಟ್ ಇದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಗಿತ್ತು. ಮಕ್ಕಳನ್ನು ಸುಮ್ಮನೆ ಕಳಿಸಬೇಡಿ, ಮೇಲ್ವಿಚಾರಕರಿಗೆ ನಿಮ್ಮ ಪ್ರಶ್ನೆಗಳ ಪಟ್ಟಿಯನ್ನು ಒಂದು ವಾರ ಮೊದಲೇ ಕೊಡಿ. ಮನೆಯಲ್ಲಿ ಫೋನ್ ಅಣ್ಣನ ಕೈಯಲ್ಲೇ ಇರುವ ಹೆಣ್ಣುಮಕ್ಕಳಿಗೆ ಈ ಏರ್ಪಾಡು ಬಹಳ ಮುಖ್ಯ.

ಪುಸ್ತಕದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪರಿವಿಡಿಗೂ ಹಿಂದಿನ ಪದಸೂಚಿಗೂ ಇರುವ ವ್ಯತ್ಯಾಸ ಒಂಬತ್ತನೇ ತರಗತಿಯ ಮಕ್ಕಳಿಗೂ ಗೊತ್ತಿರುವುದಿಲ್ಲ, ಅದನ್ನು ಮೂರು ನಿಮಿಷದ ಆಟವಾಗಿ ಕಲಿಸಿ: ಒಂದು ಪದ ಹೇಳಿ, ಪುಟ ಹಿಡಿಯಲಿ. ಮುದ್ರಣದ ವರ್ಷ ಇರುವ ಪುಟವನ್ನೂ ಹಾಗೆಯೇ ಹುಡುಕಿಸಿ.

ಸರಿಯೇ ಎಂದು ನೋಡುವುದು

ಜಾಲತಾಣ ನಂಬಲರ್ಹವೇ ಎಂದು ನೋಡಲು ಹಿಂದೆ ಒಂದು ಪಟ್ಟಿ ಕೊಡುತ್ತಿದ್ದರು: ಲೇಖಕರ ಹೆಸರಿದೆಯೇ, ದಿನಾಂಕವಿದೆಯೇ, ಕಾಗುಣಿತ ಸರಿಯಿದೆಯೇ, ವಿನ್ಯಾಸ ಚೆನ್ನಾಗಿದೆಯೇ. ಈ ಪಟ್ಟಿ ಈಗ ಉಪಯೋಗಕ್ಕೆ ಬಾರದು. ಸುಳ್ಳು ಹೇಳುವವರಿಗೂ ಒಳ್ಳೆಯ ವಿನ್ಯಾಸ ಮಾಡಲು ಬರುತ್ತದೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 45 ಜನರ ಮುಂದೆ ಜಾಲತಾಣಗಳನ್ನಿಟ್ಟು ನೋಡಿದರು: 10 ಇತಿಹಾಸತಜ್ಞರು, 10 ಸುದ್ದಿ ಪರಿಶೀಲಕರು, 25 ಪದವಿ ವಿದ್ಯಾರ್ಥಿಗಳು. ಇತಿಹಾಸತಜ್ಞರೂ ವಿದ್ಯಾರ್ಥಿಗಳೂ ಅದೇ ಪುಟವನ್ನು ಮೇಲಿಂದ ಕೆಳಗೆ ಓದುತ್ತ ಲೋಗೊ, ವಿಳಾಸಕ್ಕೆ ಮರುಳಾದರು. ಸುದ್ದಿ ಪರಿಶೀಲಕರು ಪುಟವನ್ನು ಓದುವ ಮೊದಲೇ ಬಿಟ್ಟು, ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, ಈ ತಾಣದ ಬಗ್ಗೆ ಬೇರೆಯವರು ಏನೆನ್ನುತ್ತಾರೆ ಎಂದು ನೋಡಿದರು. ಬೇಗ ಮುಗಿಸಿದವರೂ ಸರಿಯಾಗಿ ಹೇಳಿದವರೂ ಅವರೇ. ಹೊಸ ಹುಡುಗ ಎಂಥವನು ಎಂದು ಅವನನ್ನೇ ಕೇಳದೆ ಅವನ ಊರಿನವರನ್ನು ಕೇಳಿದ ಹಾಗೆ. ನಿಮ್ಮ ಮಕ್ಕಳಿಗೆ ಕಲಿಸಬೇಕಾದ್ದು ಇದೊಂದೇ ಚಲನೆ: ಪುಟದಿಂದ ಹೊರಗೆ ಬಾ, ಪಕ್ಕಕ್ಕೆ ನೋಡು, ಮರಳಿ ಹೋಗು.

ಅಭ್ಯಾಸಕ್ಕೆ ರಾಜಕೀಯದ ವಿಷಯ ಎತ್ತಿಕೊಳ್ಳಬೇಡಿ. ತರಗತಿ ಎರಡು ಪಾಳಯವಾಗುತ್ತದೆ, ವಿದ್ಯೆ ಹಿಂದೆ ಬೀಳುತ್ತದೆ. ಮಕ್ಕಳಿಗೆ ಇಷ್ಟವಾದ, ನಿಜವೇ ಇರಬೇಕೆಂದು ಅನ್ನಿಸುವ ಮಾತನ್ನು ತೆಗೆದುಕೊಳ್ಳಿ. ಇಷ್ಟವಿಲ್ಲದ್ದನ್ನು ಪರೀಕ್ಷಿಸಲು ಯಾರಿಗೂ ಹೇಳಿಕೊಡಬೇಕಾಗಿಲ್ಲ. ‘ಅತಿ ಹೆಚ್ಚು ಜ್ಞಾನಪೀಠ ಬಂದಿರುವುದು ಕನ್ನಡಕ್ಕೆ’ ಎಂಬ ವಾಕ್ಯ ರಾಜ್ಯೋತ್ಸವದ ಭಾಷಣದಲ್ಲಿ, ಗೋಡೆ ಬರಹದಲ್ಲಿ, ವಾಟ್ಸಾಪಿನಲ್ಲಿ ಇದ್ದೇ ಇರುತ್ತದೆ. ಜ್ಞಾನಪೀಠ ಪುರಸ್ಕೃತರ ಪೂರ್ತಿ ಪಟ್ಟಿಯನ್ನು ವರ್ಷ, ಭಾಷೆ ಸಹಿತ ಪ್ರಿಂಟ್ ಮಾಡಿ ಕೊಟ್ಟು ಎಣಿಸಲು ಹೇಳಿ.

ಕನ್ನಡದ್ದು ಎಂಟು: ಕುವೆಂಪು 1967, ಬೇಂದ್ರೆ 1973, ಕಾರಂತ 1977, ಮಾಸ್ತಿ 1983, ಗೋಕಾಕ 1990, ಅನಂತಮೂರ್ತಿ 1994, ಕಾರ್ನಾಡ 1998, ಕಂಬಾರ 2010. ಹಿಂದಿಯದ್ದು ಅದಕ್ಕಿಂತ ಹೆಚ್ಚು. ಇಲ್ಲಿಗೆ ನಿಲ್ಲಿಸಿದರೆ ‘ಸುಳ್ಳು’ ಎಂಬ ಒಂದು ಪದ ಸಿಕ್ಕಿತು, ಅಷ್ಟೆ. ಮುಂದಿನ ಪ್ರಶ್ನೆ ಕೇಳಿ: ಈ ಮಾತು ಯಾವತ್ತಾದರೂ ನಿಜವಾಗಿತ್ತೇ? ಪಟ್ಟಿಯನ್ನು ವರ್ಷದ ಕ್ರಮದಲ್ಲಿ ಕೂಡುತ್ತ ಹೋದರೆ 1998ರ ಹೊತ್ತಿಗೆ ಕನ್ನಡದಲ್ಲಿ 7, ಹಿಂದಿಯಲ್ಲಿ 5. 2005ರ ಪ್ರಶಸ್ತಿಯೊಂದಿಗೆ ಹಿಂದಿಯೂ 7. 2009ರದು ಹಿಂದಿಯ ಇಬ್ಬರು ಲೇಖಕರಿಗೆ ಹಂಚಿಹೋಗಿ 9 ಆಯಿತು. ಮಾತು ಒಂದು ಕಾಲದಲ್ಲಿ ಸರಿಯಿತ್ತು, ಹಳೆಯದಾಯಿತು, ಯಾರೂ ತಿದ್ದಲಿಲ್ಲ. ಹಂಚಿಕೆಯ ಪ್ರಶಸ್ತಿಯನ್ನು ಒಂದೆಂದು ಎಣಿಸುವುದೇ, ಎರಡೆಂದೇ? ಕುವೆಂಪು ಅವರದ್ದೂ ಗುಜರಾತಿಯ ಉಮಾಶಂಕರ ಜೋಶಿಯವರೊಂದಿಗೆ ಹಂಚಿಕೆಯಾದದ್ದು. ಪ್ರಶಸ್ತಿಯ ವರ್ಷ ಬೇರೆ, ಘೋಷಣೆಯ ವರ್ಷ ಬೇರೆ: 2009 ಮತ್ತು 2010ರವು ಪ್ರಕಟವಾದದ್ದು 2011ರಲ್ಲಿ. ಎರಡು ತಾಣಗಳಲ್ಲಿ ಎರಡು ಇಸವಿ ಯಾಕಿರುತ್ತದೆ ಎಂಬುದಕ್ಕೆ ಇದೇ ಕಾರಣ. ನಲವತ್ತು ನಿಮಿಷದ ಒಂದು ಪೀರಿಯಡ್‌ಗೆ ಇಷ್ಟು ಸಾಕು, ಇಂಟರ್ನೆಟ್ ಬೇಡವೇ ಬೇಡ.

ದಿನಾಂಕ ನೋಡುವ ಅಭ್ಯಾಸಕ್ಕೆ ಕರ್ನಾಟಕದ ಜಿಲ್ಲೆಗಳ ಸಂಖ್ಯೆ ಒಳ್ಳೆಯದು. ಶಾಲೆಯಲ್ಲಿರುವ ಹಳೆಯ ನಕ್ಷೆ, ಅಟ್ಲಾಸ್, ಪಠ್ಯಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಹರಡಿ. 27 ಎಂದಿದ್ದರೆ 1997ರ ನಂತರದ್ದು, 29 ಎಂದಿದ್ದರೆ 2007ರ ನಂತರದ್ದು, ಯಾದಗಿರಿ ಸೇರಿ 30 ಆದದ್ದು 2009ರ ಕೊನೆಯಲ್ಲಿ, ವಿಜಯನಗರ ಸೇರಿ 31 ಆದದ್ದು 2021ರಲ್ಲಿ. ಯಾವ ನಕ್ಷೆಯೂ ತಪ್ಪಲ್ಲ, ಪ್ರತಿಯೊಂದಕ್ಕೂ ಒಂದು ವಯಸ್ಸಿದೆ. ಸಂಖ್ಯೆ ಬದಲಾಗದೆ ಹೆಸರು ಮಾತ್ರ ಬದಲಾಗುವುದೂ ಉಂಟು – 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು.

ವಿಕಿಪೀಡಿಯ ನೋಡಬೇಡಿ ಎಂದು ಹೇಳುವುದರಿಂದ ಏನೂ ಆಗದು, ಮಕ್ಕಳು ನೋಡುತ್ತಾರೆ, ಹೇಳುವುದಿಲ್ಲ. ನೋಡುವ ರೀತಿ ಕಲಿಸಿ: ಮೊದಲು ಕೆಳಗಿನ ಉಲ್ಲೇಖಗಳಿಗೆ ಹೋಗಬೇಕು, ಆಮೇಲೆ ಇತಿಹಾಸದ ಪುಟದಲ್ಲಿ ಯಾವಾಗ ತಿದ್ದಲಾಗಿದೆ ನೋಡಬೇಕು. ಉಲ್ಲೇಖವಿಲ್ಲದ ವಾಕ್ಯ ಪ್ರಾಜೆಕ್ಟಿಗೆ ಬರಬಾರದು. ಕನ್ನಡ ವಿಕಿಪೀಡಿಯದಲ್ಲಿ ಬಹಳ ಉದ್ದವಾದ, ಓದಲು ಕಲ್ಲು ಜಗಿದಂತಿರುವ ಕೆಲವು ಲೇಖನಗಳು ಹಿಂದೆ ಗೂಗಲ್‌ನ ಅನುವಾದ ಯೋಜನೆಯಲ್ಲಿ ಇಂಗ್ಲಿಷಿನಿಂದ ಬಂದವು. ಉದ್ದ ಇದ್ದರೆ ಉತ್ತಮ ಎಂದುಕೊಳ್ಳುವ ಹಾಗಿಲ್ಲ.

ಎಐ ವಿಷಯ

ನಿಷೇಧ ನಿಮ್ಮ ಕೈಯಲ್ಲಿಲ್ಲ. ಬದಲಿಗೆ ಅದು ಎಲ್ಲಿ ಜಾರುತ್ತದೆ ಎಂದು ತೋರಿಸಿಬಿಡಿ. ಎಐ ಮುಂದಿನ ಪದ ಯಾವುದಿರಬಹುದು ಎಂದು ಅಂದಾಜಿಸುತ್ತ ಬರೆಯುತ್ತದೆ; ಹಾಗಾಗಿ ಕೇಳಲು ಸರಿಯೆನಿಸುವ, ಆದರೆ ಎಲ್ಲೂ ಇಲ್ಲದ ಸಾಲುಗಳನ್ನು ಸರಾಗವಾಗಿ ಕಟ್ಟಬಲ್ಲದು. ಕನ್ನಡದಲ್ಲಿ ಇದನ್ನು ಹಿಡಿಯಲು ಅತಿ ಒಳ್ಳೆಯ ಸಾಧನ ವಚನ. ‘ನೀರಿನ ಬಗ್ಗೆ ಬಸವಣ್ಣನ ಐದು ವಚನ ಕೊಡು’ ಎಂದು ಕೇಳಿ, ಬಂದದ್ದನ್ನು ಕರಿಹಲಗೆಯ ಮೇಲೆ ಬರೆಯಿರಿ. ಮೊದಲ ಪರೀಕ್ಷೆ ಅಂಕಿತ: ಬಸವಣ್ಣನದ್ದು ಕೂಡಲಸಂಗಮದೇವ, ಅಲ್ಲಮನದ್ದು ಗುಹೇಶ್ವರ, ಅಕ್ಕನದ್ದು ಚೆನ್ನಮಲ್ಲಿಕಾರ್ಜುನ, ಜೇಡರ ದಾಸಿಮಯ್ಯನದ್ದು ರಾಮನಾಥ. ಆದರೆ ಅಂಕಿತ ಸರಿಯಿದ್ದ ಮಾತ್ರಕ್ಕೆ ವಚನ ನಿಜವಾಗುವುದಿಲ್ಲ, ಅಂಕಿತ ಅಂಟಿಸುವುದು ಎಐಗೆ ಅತಿ ಸುಲಭ. ಎರಡನೆಯ ಪರೀಕ್ಷೆಗೆ ಒಂದೊಂದು ಸಾಲನ್ನೂ ‘ವಚನ ಸಂಚಯ’ ತಾಣದಲ್ಲಿ ಅಥವಾ ಸಮಗ್ರ ವಚನ ಸಂಪುಟದಲ್ಲಿ ಹುಡುಕಿಸಿ. ಸಿಗದ ಸಾಲಿಗೆ ಗೆರೆ ಎಳೆಯಿರಿ. ಎಐ ಕೊಡುವ ಪುಸ್ತಕದ ಹೆಸರು, ಪುಟ ಸಂಖ್ಯೆಗಳಿಗೂ ಇದೇ ನಿಯಮ: ಪುಸ್ತಕ ಕಣ್ಣಿಗೆ ಬೀಳುವವರೆಗೆ ಅದು ಆಕರವಲ್ಲ.

ಉಪಯೋಗವೂ ಇದೆ. ಹುಡುಕಲು ಬೇರೆ ಪದಗಳು ಯಾವುವು, ಈ ಇಂಗ್ಲಿಷ್ ಪ್ಯಾರಾದಲ್ಲಿ ಏನಿದೆ ಎಂದು ಕೇಳಲು ಬಿಡಿ. ಕೇಳಿದ್ದರೆ ಏನು ಕೇಳಿದೆ ಎಂದು ಆಕರಪಟ್ಟಿಯಲ್ಲಿ ಬರೆಯಬೇಕು. ಬರೆದದ್ದಕ್ಕೆ ಅಂಕ ಕಡಿಯಬೇಡಿ, ಕಡಿದರೆ ಮರುವಾರದಿಂದ ಯಾರೂ ಬರೆಯುವುದಿಲ್ಲ.

ಚೀಟಿ, ಬರಹ, ಅಂಕ

ನಕಲು ನಡೆಯುವುದು ಬರೆಯುವಾಗಲ್ಲ, ಟಿಪ್ಪಣಿ ಮಾಡುವಾಗ. ಪುಸ್ತಕ ಅಥವಾ ಫೋನ್ ತೆರೆದಿಟ್ಟುಕೊಂಡು ಟಿಪ್ಪಣಿ ಬರೆದರೆ ವಾಕ್ಯವೇ ಇಳಿಯುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ಒಂದು ಪ್ಯಾರಾ ಓದು, ಮುಚ್ಚು, ಪಕ್ಕದವಳಿಗೆ ಹೇಳು, ಹೇಳಿದ್ದನ್ನು ಬರೆ, ತೆರೆದು ಹೆಸರು–ಇಸವಿ–ಅಂಕಿ ಮಾತ್ರ ಸರಿನೋಡು. ಎ4 ಹಾಳೆಯನ್ನು ನಾಲ್ಕು ಮಾಡಿ ಚೀಟಿ ಮಾಡಿಸಿ. ಒಂದು ಚೀಟಿಗೆ ಒಂದೇ ಸಂಗತಿ. ಮೇಲ್ತುದಿಯಲ್ಲಿ ಆಕರದ ನಂಬರ್ ಮತ್ತು ಪುಟ, ನಡುವೆ ಸ್ವಂತ ಮಾತು. ಯಥಾವತ್ತು ಸಾಲಾದರೆ ಉದ್ಧರಣ ಚಿಹ್ನೆ ಹಾಕಿ ಕೆಂಪು ಶಾಯಿಯಲ್ಲಿ ಬರೆಯಬೇಕು. ಒಬ್ಬರಿಗೆ 8 ಚೀಟಿ ಸಾಕು. ಹತ್ತು ಹನ್ನೆರಡು ಕೇಳಿದರೆ ಕೊನೆಯ ನಾಲ್ಕು ಸುಮ್ಮನೆ ತುಂಬಿಸಿದವಾಗಿರುತ್ತವೆ. ಬರೆಯುವ ದಿನ ಫೋನು, ಪುಸ್ತಕ ಎರಡೂ ದೂರ. ಮೇಜಿನ ಮೇಲೆ ಚೀಟಿಗಳು ಮಾತ್ರ. ಅವನ್ನು ಹಿಂದೆ ಮುಂದೆ ಜೋಡಿಸುವುದೇ ಪ್ರಬಂಧದ ನಕ್ಷೆ. ಈ ಬರವಣಿಗೆ ತರಗತಿಯಲ್ಲೇ ಆಗಬೇಕು. ಮನೆಗೆ ಕಳಿಸಿದರೆ ಅಕ್ಕನೋ ಅಪ್ಪನೋ ಬರೆಯುತ್ತಾರೆ.

ಆಕರಪಟ್ಟಿಗೆ ವಿಶ್ವವಿದ್ಯಾಲಯದ ಶೈಲಿ ಬೇಡ. ಪುಸ್ತಕವಾದರೆ ಲೇಖಕರು, ಹೆಸರು, ಪ್ರಕಾಶಕರು, ವರ್ಷ, ಪುಟ. ಜಾಲತಾಣವಾದರೆ ಬರೆದವರು ಅಥವಾ ಸಂಸ್ಥೆ, ಪುಟದ ಶೀರ್ಷಿಕೆ, ನೋಡಿದ ದಿನಾಂಕ. ‘ಗೂಗಲ್’, ‘ಯೂಟ್ಯೂಬ್’, ‘ಇಂಟರ್ನೆಟ್’ ಎಂದಷ್ಟೇ ಬರೆದ ಪಟ್ಟಿಯನ್ನು ಅಂಕ ಕೊಡದೆ ಮರಳಿಸಿ. ವ್ಯಕ್ತಿಯಾದರೆ ಒಪ್ಪಿಗೆ ಇದ್ದಷ್ಟು ವಿವರ, ಕೇಳಿದ ದಿನಾಂಕ.

15 ಅಂಕದ ಚಟುವಟಿಕೆ ಎಂದಿಟ್ಟುಕೊಂಡರೆ ಹೀಗೆ ಹಂಚಬಹುದು: ಪ್ರಶ್ನೆಗೆ 2, ಆಕರಪಟ್ಟಿಗೆ 3, ಚೀಟಿಗಳಿಗೆ 4, ಬರಹಕ್ಕೆ 3, ಬಾಯಿಮಾತಿಗೆ 3. ಅಲಂಕಾರಕ್ಕೆ ಸೊನ್ನೆ, ಅದನ್ನು ಮೊದಲ ದಿನವೇ ಗೋಡೆಗೆ ಅಂಟಿಸಿ. ಮೊದಲ ವರ್ಷ ಪೋಷಕರಿಂದಲೇ ತಕರಾರು ಬರಬಹುದು, ‘ನಮ್ಮ ಮಗಳು ಅಷ್ಟು ಚೆನ್ನಾಗಿ ಡೆಕೊರೇಟ್ ಮಾಡಿದ್ದಳಲ್ಲ ಮೇಡಂ’ ಎಂದು. ಹಂಚಿಕೆಯ ಹಾಳೆ ತೋರಿಸಿ.

48 ಮಕ್ಕಳ 8 ಚೀಟಿ ಎಂದರೆ 384. ಎಲ್ಲವನ್ನೂ ಓದಲು ಹೋದರೆ ನೀವು ಎರಡನೇ ವಾರಕ್ಕೇ ಕೈಬಿಡುತ್ತೀರಿ. ಪ್ರತಿ ಮಗುವಿನಿಂದ ಎರಡು ಚೀಟಿ ಎತ್ತಿ, ಅವನ್ನು ಮಾತ್ರ ನೋಡಿ. ಬಾಯಿಮಾತಿನಲ್ಲೂ ಅವೇ ಎರಡರ ಮೇಲೆ ಪ್ರಶ್ನೆ: ‘ಇದು ನಿನಗೆ ಎಲ್ಲಿ ಸಿಕ್ಕಿತು? ಬೇರೆ ಕಡೆ ನೋಡಿದೆಯಾ? ಅಲ್ಲೂ ಹೀಗೇ ಇತ್ತಾ?’ ತಲಾ ಒಂದೂವರೆ ನಿಮಿಷದಂತೆ ಎರಡು ಪೀರಿಯಡ್‌ನಲ್ಲಿ ಮುಗಿಯುತ್ತದೆ. ಸ್ವಂತ ಹುಡುಕಿದವನು ತಡವರಿಸಿದರೂ ಉತ್ತರ ಹೇಳುತ್ತಾನೆ. ನಕಲು ತಂದವನು ಮೊದಲ ಪ್ರಶ್ನೆಗೇ ನಿಲ್ಲುತ್ತಾನೆ. ಅನುಮಾನ ಬಂದರೆ ಬರಹದ ಒಂದು ವಿಚಿತ್ರ ವಾಕ್ಯವನ್ನು ಉದ್ಧರಣ ಚಿಹ್ನೆಯಲ್ಲಿ ಹಾಕಿ ಹುಡುಕಿ ನೋಡಬಹುದು, ಆದರೆ ಪೊಲೀಸ್ ಕೆಲಸಕ್ಕೆ ಹೆಚ್ಚು ಸಮಯ ಕೊಡಬೇಡಿ. ಚೀಟಿಗಳಿಲ್ಲದೆ ಬರಹಕ್ಕೆ ಅಂಕವಿಲ್ಲ ಎಂಬ ಒಂದು ನಿಯಮವೇ ಬಹುಪಾಲು ಕೆಲಸ ಮಾಡುತ್ತದೆ.

ಮೊದಲ ಸಲ ಎರಡೂ ತರಗತಿಗೆ ಒಟ್ಟಿಗೆ ಮಾಡಬೇಡಿ, ಒಂಬತ್ತನೇ ತರಗತಿಗೆ ಮಾತ್ರ ಮಾಡಿ. ಎಂಟಕ್ಕೆ ಜ್ಞಾನಪೀಠದ ಪಟ್ಟಿ, ಜಿಲ್ಲೆಗಳ ನಕ್ಷೆ ಎರಡೇ ಸಾಕು. ಮುಗಿದ ಮೇಲೆ ಒಂಬತ್ತನೆಯವರ ಚೀಟಿಗಳನ್ನು ಆಕರಪಟ್ಟಿಯೊಂದಿಗೆ ಕಟ್ಟಿ ಶಾಲಾ ಗ್ರಂಥಾಲಯದಲ್ಲಿಡಿ; ಹೇಳಿದವರ ಫೋನ್ ನಂಬರ್ ಇದ್ದರೆ ಮೊದಲು ಕತ್ತರಿಸಿ ತೆಗೆಯಿರಿ. ಮುಂದಿನ ವರ್ಷದ ತಂಡಕ್ಕೆ ಅದೇ ಕೆರೆಯನ್ನು ಕೊಡಬಹುದು, ಅದೇ ಪ್ರಶ್ನೆಯನ್ನಲ್ಲ. ಹಿಂದಿನವರ ಚೀಟಿಗಳಲ್ಲಿ ಯಾವ ಮೂರು ಸಂಗತಿ ಇನ್ನೊಂದು ಆಕರದಿಂದ ಖಚಿತವಾಗಿಲ್ಲ ಎಂದು ಹುಡುಕುವುದೇ ಅವರ ಮೊದಲ ವಾರದ ಕೆಲಸ.